ರೋಬೋಟ್ ಆಟಕ್ಕೆ ಅಪ್ಪನ ಗಂಟೆ

ನಮ್ಮ ಮನೆಗೆ ಆ ರೋಬೋಟ್ ಆಟ ಬಂದದ್ದು ರೈಲಿನಲ್ಲಿ. ನನ್ನ ಗಂಡ ದಿನಾ ಬೆಳಿಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುವವನು. ಬೋಗಿಯಲ್ಲಿ ಬಾಚಣಿಗೆ, ಪಿನ್ನು, ಸೌತೆಕಾಯಿ ಮಾರುವವರ ನಡುವೆ ಯಾರೋ ಒಬ್ಬ ಈ ಆಟದ ಡಬ್ಬಿ ಹಿಡಿದುಕೊಂಡು, ಹತ್ತೇ ನಿಮಿಷದ ಆಟ, ಮನೆಮಂದಿಯೆಲ್ಲ ಆಡಬಹುದು ಎಂದು ಕೂಗುತ್ತಿದ್ದನಂತೆ. ನಾನು ತರಲು ಹೇಳಿದ್ದು ಹಾಲು ಸೋಸುವ ಜಾಲರಿ. ಬಂದದ್ದು ಐವತ್ತು ರೋಬೋಟು. ನಾನು ಬೈದೆ, ಅವನು ನಕ್ಕ. ನಮ್ಮ ಮನೆಯಲ್ಲಿ ಬಹಳಷ್ಟು ಜಗಳ ಹೀಗೇ ಮುಗಿಯುತ್ತದೆ. ನಾನು ಒಬ್ಬಳೇ ಮಗಳು, ಅವನು ಮನೆ ಅಳಿಯನಾಗಿ ಬಂದವನು, ಬೈಸಿಕೊಳ್ಳುವುದು ಅವನಿಗೆ ಹದಿನೈದು ವರ್ಷದಿಂದ ರೂಢಿ.

ಆಟ ಸುಲಭ, ಇಸ್ಪೀಟಿನಂಥದ್ದೇ. ಒಬ್ಬೊಬ್ಬರಿಗೆ ಏಳು ಎಲೆ. ಪ್ರತಿ ಎಲೆಯ ಮೇಲೆ ಒಂದು ರೋಬೋಟ್, ಒಂದಕ್ಕೆ ಗರಗಸದ ಕೈ, ಒಂದಕ್ಕೆ ಸುತ್ತಿಗೆಯ ತಲೆ, ಮೂಲೆಯಲ್ಲಿ ಅದರ ಬಲದ ಅಂಕಿ. ಒಬ್ಬರು ಒಂದನ್ನು ಇಳಿಸಿದರೆ ಮುಂದಿನವರು ಅದಕ್ಕಿಂತ ಬಲವಾದದ್ದನ್ನು ಇಳಿಸಿ ಹೊಡೆಯಬೇಕು. ಹೊಡೆಸಿಕೊಂಡದ್ದು ಗುಜರಿಗೆ. ಮೂರು ಎಣಿಸುವುದರೊಳಗೆ ಎಲೆ ಇಳಿಸದಿದ್ದರೆ ಸರದಿ ಹೋಯಿತು. ಕೊನೆಗೆ ಯಾರ ರೋಬೋಟ್ ನಿಂತಿರುತ್ತದೋ ಅವರು ಗೆದ್ದಂತೆ. ಎಣಿಸುವ ಕೆಲಸ ನನ್ನ ಮಗಳದು. ಹತ್ತು ವರ್ಷದವಳು, ಊರಿಗಾಂನ ಶಾಲೆಗೆ ಹೋಗುತ್ತಾಳೆ, ಅಲ್ಲಿನ ಗೆಳತಿಯರಿಂದ ಕಲಿತ ತಮಿಳಿನಲ್ಲಿ ಒಣ್ಣು, ರೆಂಡು, ಮೂಣು ಎಂದು ಬಲು ಜೋರಾಗಿ ಎಣಿಸುತ್ತಾಳೆ.

ಸಂಜೆ ಹಾಲು ಕರೆದಾದ ಮೇಲೆ ಡೇರಿಯ ಬಾಗಿಲು ತೆಗೆಯುವವರೆಗೆ ನಮಗೆ ಒಂದು ಇಪ್ಪತ್ತು ನಿಮಿಷ ಬಿಡುವು. ಅಷ್ಟರಲ್ಲಿ ಎರಡು ಆಟ ಮುಗಿಯುತ್ತಿತ್ತು. ಜಗಲಿಯ ಮೇಲೆ ನಾನು, ಮಗಳು, ಅಪ್ಪ ಮೂವರೂ ಕೂರುತ್ತಿದ್ದೆವು. ಪಕ್ಕದಲ್ಲಿ ಹಾಲಿನ ಕ್ಯಾನು. ಆ ಕ್ಯಾನನ್ನು ಡೇರಿಗೆ ಒಯ್ಯುವುದು ಅಪ್ಪನ ಕೆಲಸ, ಅದನ್ನು ಇನ್ನೊಬ್ಬರು ಮುಟ್ಟಿದರೆ ಅವರಿಗೆ ಆಗುತ್ತಿರಲಿಲ್ಲ. ಹಾಲು ಅಳೆಸಿ, ನಾಲ್ಕು ಜನರ ಹತ್ತಿರ ಕನ್ನಡದಲ್ಲೂ ತೆಲುಗಿನಲ್ಲೂ ಹರಟಿ, ಬೇಕೆಂದೇ ತಡವಾಗಿ ಮನೆಗೆ ಬರುತ್ತಿದ್ದರು.

ಆಟದಲ್ಲಿ ಮಾತ್ರ ಅಪ್ಪ ಪ್ರತಿ ಸಲ ಸೋಲುತ್ತಿದ್ದರು. ಎಲೆ ಕೈಯಲ್ಲಿರುತ್ತಿತ್ತು, ಒಳ್ಳೆಯ ಎಲೆಯೇ ಇರುತ್ತಿತ್ತು. ಬೆರಳಿನ ಗಿಣ್ಣಿನಿಂದ ಜಗಲಿಯ ಕಲ್ಲಿನ ಮೇಲೆ ಎರಡು ಸಲ ಬಡಿಯುತ್ತಿದ್ದರು, ಕೆಲವು ಸಲ ಮೂರು. ಆಮೇಲೆ ನಮ್ಮ ಮುಖ ನೋಡುತ್ತಾ ಸುಮ್ಮನೆ ಕೂರುತ್ತಿದ್ದರು. ಮಗಳು ಮೂಣು ಅನ್ನುವುದರೊಳಗೆ ಎಲೆ ಇಳಿಯುತ್ತಲೇ ಇರಲಿಲ್ಲ. ಸರದಿ ಹೋಗುತ್ತಿತ್ತು. ಅವರು ಬೇಸರವಿಲ್ಲದೆ ಎಲೆಗಳನ್ನು ಮತ್ತೆ ಜೋಡಿಸಿಕೊಳ್ಳುತ್ತಿದ್ದರು.

ಮೊದಮೊದಲು ಚೇಷ್ಟೆ ಮಾಡಿದೆ. "ಅಪ್ಪಾ, ನೀನು ಇಂಗೆ ಕುಂತ್ರೆ ರೋಬೋಟ್ ಇಳಿಯೋದ್ರಾಗೆ ನಮ್ಮ ಅಸು ಕರು ಆಕ್ತದೆ" ಎಂದೆ. ಅವರು ನಕ್ಕರು. ಎರಡನೆಯ ವಾರಕ್ಕೆ ನನ್ನ ನಗು ನಿಂತಿತು. ಯಾಕೆಂದರೆ ಅಪ್ಪ ಹೀಗೆ ನಿಲ್ಲುವುದು ಆಟದಲ್ಲಿ ಮಾತ್ರ ಅಲ್ಲ ಎನ್ನುವುದನ್ನು ಗಮನಿಸಿದ್ದೆ. ಹೊರಗಿನಿಂದ ಬಂದರೆ ಬಾಗಿಲ ಚೌಕಟ್ಟಿನ ಮೇಲೆ ಬಡಿದು ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದರು. ತಮ್ಮದೇ ಮನೆ, ತೆರೆದೇ ಇರುವ ಬಾಗಿಲು. ಒಂದು ಕ್ಷಣ, ಎರಡು ಕ್ಷಣ ನಿಂತು, ಏನೋ ನೆನಪಾದವರಂತೆ ಒಳಗೆ ಬರುತ್ತಿದ್ದರು. ನಮ್ಮೂರಲ್ಲಿ ಒಬ್ಬ ಅಜ್ಜಿ ಹೀಗೇ ಬಾಗಿಲಲ್ಲಿ ನಿಲ್ಲಲು ಶುರು ಮಾಡಿ, ಕೊನೆಗೆ ಸ್ವಂತ ಮಗನನ್ನೇ ಯಾರಪ್ಪಾ ನೀನು ಎಂದು ಕೇಳಿದ್ದಳು. ಅಪ್ಪ ನನ್ನನ್ನು ಮರೆತುಬಿಟ್ಟರೆ ಎನ್ನುವ ಭಯ ಹಾಲು ಕರೆಯುವಾಗಲೂ ಬಿಡಲಿಲ್ಲ.

ನನಗೆ ಭಯವಾದರೆ ಅದು ಸಿಟ್ಟಾಗಿಯೇ ಹೊರಗೆ ಬರುತ್ತದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅಮ್ಮ ನನಗೆಂದೇ ಹೇಳುತ್ತಿದ್ದಳು. ಅಮ್ಮ ತೀರಿಕೊಂಡು ನಾಲ್ಕು ವರ್ಷ, ಹೇಳುವವರೂ ಇರಲಿಲ್ಲ. ಒಂದು ಸಂಜೆ ಅಪ್ಪ ಮೂರು ಬಡಿದು ಕೂತಾಗ ನಾನು ಎಲೆಗಳನ್ನು ಕೆಳಗೆ ಹಾಕಿ ಎದ್ದೆ. ನೆಟ್ಟಗೆ ಒಂದು ಎಲೆ ಇಳಿಸಲು ಬಾರದವರು ರೈಲ್ವೆ ಗೇಟು ದಾಟಿ ಡೇರಿಗೆ ಹೋಗುವುದು ಬೇಡ, ನಾಳೆಯಿಂದ ಕ್ಯಾನು ನಾನೇ ಒಯ್ಯುತ್ತೇನೆ ಎಂದುಬಿಟ್ಟೆ. ಮರುದಿನವೇ ಬಂಗಾರಪೇಟೆಗೆ ಹೋಗಿ ಅಪ್ಪನನ್ನು ತೋರಿಸಲು ಡಾಕ್ಟರ ಚೀಟಿ ಮಾಡಿಸಿ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದೆ. ಅಪ್ಪ ಒಂದು ವಾರ ಸಂಜೆ ಡೇರಿಯ ಹೊತ್ತಿಗೆ ಶರಟು ಹಾಕಿಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದರು. ನಾನು ಕ್ಯಾನು ಎತ್ತಿಕೊಂಡು ಅವರ ಕಡೆ ನೋಡದೆ ಹೋಗುತ್ತಿದ್ದೆ.

ಆದರೂ ಆಟ ನಿಲ್ಲಲಿಲ್ಲ, ಮಗಳು ಬಿಡಬೇಕಲ್ಲ. ಆ ಭಾನುವಾರ ಗಂಡನೂ ಮನೆಯಲ್ಲಿದ್ದ, ಜಗಲಿಯ ಮೇಲೆ ನಾಲ್ವರಾದೆವು. ಅಪ್ಪನ ಸರದಿ ಬಂತು. ಮೂರು ಸಲ ಬಡಿದು ಎಂದಿನಂತೆ ಕೂತರು. ಮಗಳು ಎಣಿಸಲು ಬಾಯಿ ತೆರೆದವಳು ಏನು ಹೊಳೆಯಿತೋ, ತುಂಟತನಕ್ಕೆ ತಾನೂ ಕಲ್ಲಿನ ಮೇಲೆ ಮೂರು ಬಡಿದಳು. ಅವಳ ಕೈ ಮೇಲೆದ್ದಿರಲಿಲ್ಲ, ಅಪ್ಪನ ಎಲೆ ಕೆಳಗೆ ಬಿದ್ದಿತ್ತು. ಅವಳ ಗರಗಸದ ಕೈಯ ರೋಬೋಟ್ ಗುಜರಿ ಸೇರಿತು. ಮುಂದಿನ ಸರದಿಗೆ ಅಪ್ಪ ಎರಡು ಬಡಿದರು, ಅವಳೂ ಎರಡು ಬಡಿದಳು, ಮತ್ತೆ ಎಲೆ ಇಳಿಯಿತು. ಆ ಆಟ ಅಪ್ಪ ಗೆದ್ದರು. ಅದರ ಮುಂದಿನದನ್ನೂ ಗೆದ್ದರು. ಮೂರನೆಯದರಲ್ಲಿ ನನ್ನ ಏಳೂ ರೋಬೋಟುಗಳನ್ನು ಗುಜರಿಗೆ ಕಳಿಸಿ, ಮೀಸೆಯಡಿ ನಗುತ್ತಾ ಕೂತರು. ಎಂಬತ್ತು ಹತ್ತಿರವಾದ ಆ ಕೈ ಅಷ್ಟು ಚುರುಕಾಗಿ ಆಡುವುದನ್ನು ನಾನು ಯಾವಾಗ ನೋಡಿದ್ದೆನೋ ಗೊತ್ತಿಲ್ಲ.

ಮಗಳೇ ಕೇಳಿದಳು. "ತಾತ, ಕೆಲವಕ್ಕೆ ಎರಡು ಬಡೀತೀಯ, ಕೆಲವಕ್ಕೆ ಮೂರು. ಯಾಕೆ?"

ಅಪ್ಪ ತಾವು ಇಳಿಸಿದ್ದ ಎಲೆಯನ್ನು ಅವಳ ಕಡೆ ತಿರುಗಿಸಿದರು. ಆ ರೋಬೋಟಿನ ಎದೆಯಲ್ಲಿ ಒಂದು ಗಾಜಿನ ಕಿಟಕಿ, ಕಿಟಕಿಯ ಹಿಂದೆ ಟೋಪಿ ಹಾಕಿ ಕೂತ ಒಬ್ಬ ಸಣ್ಣ ಮನುಷ್ಯ. ಐವತ್ತರಲ್ಲಿ ಅಂಥವು ನಾಲ್ಕೋ ಐದೋ ಇದ್ದವು. ನಾನು ಅಂಕಿ ಬಿಟ್ಟು ಬೇರೇನೂ ನೋಡಿರಲೇ ಇಲ್ಲ.

"ಇದ್ರೊಳ್ಗೆ ಮನ್ಸ ಅವ್ನಲ್ಲಮ್ಮ. ಮನ್ಸ ಇದ್ರೆ ಮೂರು" ಎಂದರು ಅಪ್ಪ.

ಆಗ ನನಗೆ ತಿಳಿಯಿತು. ಗಣಿ ಮುಚ್ಚುವವರೆಗೂ ಅಪ್ಪ ನಮ್ಮೂರಿಂದ ಸೈಕಲ್ಲಿನಲ್ಲಿ ನಂದಿದುರ್ಗ ಎಂಬ ಹೆಸರಿನ ಚಿನ್ನದ ಗಣಿಗೆ ಹೋಗುತ್ತಿದ್ದರು. ಗಣಿಯ ಬಾಯಲ್ಲಿ ನಿಂತು, ಜನರನ್ನು ಕೆಳಗಿಳಿಸುವ ಕಬ್ಬಿಣದ ಗೂಡಿನ ಬಾಗಿಲು ಹಾಕಿ ಗಂಟೆ ಬಾರಿಸುವುದು ಅವರ ಕೆಲಸ. ಗೂಡನ್ನು ಇಳಿಸುವ ಯಂತ್ರದವನು ದೂರದ ಇನ್ನೊಂದು ಕಟ್ಟಡದಲ್ಲಿ ಕೂತಿರುತ್ತಾನೆ, ಅವನಿಗೆ ಗೂಡು ಕಾಣುವುದಿಲ್ಲ, ಗಂಟೆ ಮಾತ್ರ ಕೇಳಿಸುತ್ತದೆ. ಬರೀ ಸಾಮಾನು ಇಳಿಸುವುದಾದರೆ ಎರಡು, ಒಳಗೆ ಮನುಷ್ಯರಿದ್ದರೆ ಮೂರು. ಯಂತ್ರದವನು ಅಷ್ಟೇ ಗಂಟೆಯನ್ನು ತಿರುಗಿ ಬಾರಿಸಬೇಕು. ಅವನ ಗಂಟೆ ಬರುವವರೆಗೆ ಯಾರು ಏನು ಕೂಗಿದರೂ ಗೂಡು ಅಲ್ಲಾಡುವಂತಿಲ್ಲ. ಇದನ್ನೆಲ್ಲ ಅಪ್ಪ ನನ್ನ ಚಿಕ್ಕಂದಿನಲ್ಲಿ ಹೇಳಿದ್ದರು. ಮರೆತವಳು ನಾನು.

ಇಷ್ಟು ದಿನ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ. ಹೇಳುವಂಥದ್ದು ಏನಿದೆ, ಎಲೆ ಹಿಡಿದರೆ ಕೈ ತಾನಾಗಿ ಬಡಿಯುತ್ತದೆ ಎಂದರು. ಸ್ವಲ್ಪ ಹೊತ್ತು ಎಲೆಗಳ ಅಂಚು ಸಮ ಮಾಡುತ್ತಿದ್ದು, ತಲೆ ಎತ್ತದೆ ಹೇಳಿದರು. "ನಾನು ಬಡುದ್ರೆ ನೀವ್ಯಾರೂ ತಿರುಗಿ ಬಡೀಲಿಲ್ವಲ್ಲಮ್ಮ. ಜವಾಬು ಬರ್ದೆ ಎಂಗೆ ಇಳಿಸೋದು?"

ಆ ಮಾತು ಕೇಳಿದ ಮೇಲೆ ನನಗೆ ಬಾಗಿಲು ನೆನಪಾಯಿತು. ಅಪ್ಪ ಪಾಳಿ ಮುಗಿಸಿ ಬಂದರೆ, ದಣಿದು ಬಂದ ತಾನು ಬರೀ ಸಾಮಾನು ಎನ್ನುವಂತೆ, ಚೌಕಟ್ಟಿನ ಮೇಲೆ ಎರಡು ಬಡಿಯುತ್ತಿದ್ದರು. ಅಡುಗೆಮನೆಯಿಂದ ಅಮ್ಮ ಸೌಟಿನಿಂದ ಪಾತ್ರೆಗೆ ಎರಡು ಬಡಿಯುತ್ತಿದ್ದಳು. ಆಮೇಲೆಯೇ ಅಪ್ಪ ಒಳಗೆ ಕಾಲಿಡುತ್ತಿದ್ದುದು. ಹುಡುಗಿಯಾಗಿದ್ದಾಗ ನಾನು ಇದನ್ನು ಗಂಡ ಹೆಂಡಿರ ಸರಸ ಎಂದು ಗೆಳತಿಯರ ಮುಂದೆ ಆಡಿಕೊಂಡು ನಕ್ಕಿದ್ದೆ. ಸರಸವೇ ಇದ್ದಿರಬೇಕು. ಗಣಿ ಮುಚ್ಚಿದ ಮೇಲೂ ಹೊಲದಿಂದ ಬಂದರೆ, ಡೇರಿಯಿಂದ ಬಂದರೆ ಅವರದು ಎರಡು, ಅವಳದು ಎರಡು. ಅಮ್ಮ ಹೋದ ಮೇಲೂ ಅಪ್ಪ ಬಡಿಯುತ್ತಲೇ ಇದ್ದರು. ನಾಲ್ಕು ವರ್ಷ ನಾನು ಅದೇ ಅಡುಗೆಮನೆಯಲ್ಲಿ, ಅದೇ ಸೌಟು ಹಿಡಿದು ನಿಂತು, ಒಮ್ಮೆಯೂ ತಿರುಗಿ ಬಡಿಯದೆ, ಕೊನೆಗೆ ಅಪ್ಪನಿಗೆ ಅರಳು ಮರಳು ಎಂದುಕೊಂಡೆ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಹಸುವಿಗೆ ನೀರು ಇಡಬೇಕೆಂದು ಎದ್ದು ಹಟ್ಟಿಗೆ ಹೋದೆ. ಹಸು ಆಗತಾನೆ ನೀರು ಕುಡಿದಿತ್ತು.

ಡಾಕ್ಟರ ಚೀಟಿಯನ್ನು ಹರಿಯಲಿಲ್ಲ. ಮಂಡಿನೋವಿಗೆ ತೋರಿಸಿದರಾಯಿತು ಎಂದು ಗಂಡ ಹೇಳಿದ, ಅಪ್ಪನೂ ಒಪ್ಪಿದರು. ಡಾಕ್ಟರು ಮಂಡಿಗೆ ಎಣ್ಣೆ ಬರೆದುಕೊಟ್ಟು, ಇವರ ತಲೆ ನಿಮ್ಮದಕ್ಕಿಂತ ಚೆನ್ನಾಗಿದೆ ಎಂದು ನನಗೇ ಹೇಳಿ ಕಳಿಸಿದರು.

ಅದಕ್ಕೂ ಮುಂಚೆ, ಆಟ ನಡೆದ ಮರುದಿನ ಸಂಜೆಯೇ, ಹಾಲು ಸೋಸಿ ಕ್ಯಾನಿನ ಮುಚ್ಚಳ ಹಾಕಿ ಅಪ್ಪನ ಮುಂದೆ ಇಟ್ಟೆ. ತಪ್ಪಾಯಿತು ಎನ್ನಬೇಕೆಂದಿದ್ದೆ, ಬಾಯಿಗೆ ಬಂದದ್ದು ಬೇಗ ಬಾ ಎನ್ನುವ ಮಾತು. ಅವರು ಕ್ಯಾನು ಎತ್ತಿಕೊಂಡು, ಬೇಗ ಬರುವ ಯಾವ ಲಕ್ಷಣವೂ ಇಲ್ಲದೆ ಹೊರಟರು. ಹಾಲು ಅಳೆಸಲು ಹತ್ತು ನಿಮಿಷ ಸಾಕು. ಒಂದು ಗಂಟೆಯಾದರೂ ಬರಲಿಲ್ಲ. ಒಂದು ವಾರದ ಹರಟೆ ಬಾಕಿ ಇತ್ತಲ್ಲ.

ನಾನು ಮುದ್ದೆ ತಿರುವುತ್ತಿದ್ದೆ. ಬಾಗಿಲ ಚೌಕಟ್ಟಿನ ಮೇಲೆ ಎರಡು ಬಡಿತ ಕೇಳಿಸಿತು. ಎರಡೂ ಕೈಯಲ್ಲಿ ಮುದ್ದೆಕೋಲು ಹಿಡಿದಿದ್ದೆ. ಅದನ್ನೇ ಎತ್ತಿ ಪಾತ್ರೆಯ ಅಂಚಿಗೆ ಎರಡು ಸಲ ಬಡಿದೆ. ಹಿಟ್ಟು ಸಿಡಿದು ಸೀರೆಯ ಮೇಲೆ ಬಿತ್ತು.

ಹೊಸ್ತಿಲಲ್ಲಿ ಅಪ್ಪನ ಚಪ್ಪಲಿ ಬಿಡುವ ಸದ್ದು. ಖಾಲಿ ಕ್ಯಾನನ್ನು ಅಡುಗೆಮನೆಯ ಬಾಗಿಲಲ್ಲಿಟ್ಟು, ನನ್ನ ಕೈಯ ಕೋಲನ್ನೇ ನೋಡುತ್ತಾ ನಿಂತರು.

"ನಿಮ್ಮಮ್ಮ ಇಷ್ಟು ಜೋರಾಗಿ ಬಡೀತಿರಲಿಲ್ಲ ಕಣಮ್ಮ" ಎಂದರು. ಎಂದು, ಒಳಗೆ ಬಂದರು.