ಮಫಾಲ್ದಾಳ ಕಾಲು ಮತ್ತು ಹೊಸ ಅಂಟು

ಮಫಾಲ್ದಾ ರುವೊಕ್ಕೊ ನಮ್ಮ ಓಣಿಯಲ್ಲೇ ಗಟ್ಟಿ ಕಾಲಿನ ಹೆಂಗಸು. ನೇಪಲ್ಸಿನಲ್ಲಿ ನಮ್ಮಂಥವರ ಅರ್ಧ ಆಯಸ್ಸು ಮೆಟ್ಟಿಲ ಮೇಲೇ ಕಳೆಯುತ್ತದೆ. ಅವಳೋ ಒಂದು ಕೈಯಲ್ಲಿ ಸೀಮೆಎಣ್ಣೆ ಡಬ್ಬ, ಸೊಂಟದ ಮೇಲೆ ಮಗಳನ್ನು ಹೊತ್ತು ಮೇಲಿನ ಮಹಡಿಗೆ ಹತ್ತಿ, ಕೆಳಗೆ ಇಸ್ತ್ರಿ ಅಂಗಡಿಯಲ್ಲಿದ್ದ ನನ್ನನ್ನು ಅಣಕಿಸುತ್ತಿದ್ದಳು: "ಏನೇ ಚೆಲೆಸ್ತೀನಾ, ಅಲ್ಲೇ ಬೇರು ಬಿಟ್ಯಾ?" ಅವಳ ಗಂಡ ಹಡಗಿನಲ್ಲಿ ಅಡುಗೆಯವ. ಬಂದಾಗ ಬಂದ, ಇಲ್ಲದಾಗ ಇಲ್ಲ.

ಅವಳು ದುಡಿಯುತ್ತಿದ್ದುದು ಓಣಿಯ ತುದಿಯಲ್ಲಿದ್ದ ದೊನ್ ಅತ್ತಿಲಿಯೋನ ಬೂಟಿನ ಕಾರ್ಖಾನೆಯಲ್ಲಿ, ಅಟ್ಟೆಗೆ ಅಂಟು ಬಳಿಯುವ ಕೆಲಸ. ಮಗಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿದ ಧರ್ಮತಂದೆಯೂ ಅವನೇ. ಅಂದಿನಿಂದ ಅವನಿಗೆ ಅವಳು 'ಕುಮ್ಮಾ', ಧರ್ಮಮಗಳ ತಾಯಿ, ಬಂಧುವಿಗಿಂತ ಹೆಚ್ಚು.

ಹಿಂದಿನ ಅಂಟಿನಿಂದ ಪಕ್ಕದ ಓಣಿಯ ಹುಡುಗಿಯೊಬ್ಬಳು ರಕ್ತ ಕೆಟ್ಟು ಸತ್ತಿದ್ದಳು. ಸರ್ಕಾರ ಅದನ್ನು ನಿಲ್ಲಿಸಿತು, ಹೊಸ ಅಂಟಿನ ಡಬ್ಬಗಳು ಬಂದವು. ಹೆಂಗಸರು ಹಿಂಜರಿದಾಗ ದೊನ್ ಅತ್ತಿಲಿಯೋ ಡಬ್ಬದೊಳಗೆ ಬೆರಳದ್ದಿ ತೋರಿಸಿದ. "ಇದು ಹಾಲಿದ್ದ ಹಾಗೆ ಕಣ್ರೇ. ನನ್ನ ಮಗಳನ್ನೇ ಇದರ ಮುಂದೆ ಕೂರಿಸ್ತೀನಿ, ಸಾಕಾ?" ಹೇಳಿದಂತೆ ಮಗಳು ಒರ್ನೆಲ್ಲಾಳನ್ನು ಮಫಾಲ್ದಾಳ ಪಕ್ಕದಲ್ಲೇ ಕೂರಿಸಿದ. ಅದಕ್ಕಿಂತ ದೊಡ್ಡ ಭರವಸೆ ಯಾರಿಗೆ ಬೇಕಿತ್ತು?

ಹೊಳಪಿನ ಚರ್ಮದ ಮೇಲೆ ಧೂಳು ಕೂರುತ್ತದೆಂದು ಚಳಿಗಾಲವಿಡೀ ಕಿಟಕಿ ಮುಚ್ಚಿರುತ್ತಿತ್ತು. ಮಫಾಲ್ದಾ ಸಂಜೆ ಕುಡಿದವಳ ಹಾಗೆ ತೂರಾಡುತ್ತ ಬರುತ್ತಿದ್ದಳು. ಬೆರಳಲ್ಲಿ ಇರುವೆ ಹರಿದಾಡಿದ ಹಾಗಾಗುತ್ತದೆ ಎನ್ನುತ್ತಿದ್ದಳು. ಒಂದು ದಿನ ಅವಳ ಚಪ್ಪಲಿ ನನ್ನ ಅಂಗಡಿಯ ಮುಂದೆ ಬಿದ್ದಿತ್ತು.

"ಏಯ್, ಚಪ್ಪಲಿ ಯಾರಿಗೆ ದಾನ ಮಾಡಿ ಹೋಗ್ತಿದೀಯ?" ಎಂದು ಕೂಗಿದೆ.

ಅವಳು ತಿರುಗಿ ತನ್ನ ಬರಿಗಾಲನ್ನು ನೋಡಿಕೊಂಡಳು. ಕಲ್ಲು ಹಾಸಿನ ಮೇಲೆ ಅಷ್ಟು ದೂರ ನಡೆದಿದ್ದರೂ ಚಪ್ಪಲಿ ಕಳಚಿದ್ದು ಗೊತ್ತಾಗಿರಲಿಲ್ಲ. ನಗಲು ಹೋದಳು, ಆಗಲಿಲ್ಲ.

ದೊನ್ ಅತ್ತಿಲಿಯೋ ತನಗೆ ಬೇಕಾದ ಡಾಕ್ಟರ ಹತ್ತಿರ ಕಳಿಸಿದ. "ಗಂಡ ಸಮುದ್ರದ ಮೇಲೆ. ಹೆಂಗಸಿಗೆ ಯೋಚನೆ ಜಾಸ್ತಿ, ಅಷ್ಟೆ" ಎಂದು ಆ ಡಾಕ್ಟರು ಶಕ್ತಿಯ ಸೂಜಿ ಚುಚ್ಚಿದರು. ಯಜಮಾನನಿಂದ ಮನೆಗೆ ಬುಟ್ಟಿ ತುಂಬ ಕಿತ್ತಳೆ ಬಂತು. ಮಫಾಲ್ದಾ ಅವನ ಕೈಗೆ ಮುತ್ತಿಟ್ಟು ಮತ್ತೆ ಅಂಟಿನ ಮುಂದೆ ಕೂತಳು. ಅಷ್ಟು ಹೊತ್ತಿಗೆ ಒರ್ನೆಲ್ಲಾ ಬೂಟುಗಳನ್ನು ಪೆಟ್ಟಿಗೆಗೆ ತುಂಬುವ ಕಡೆಗೆ ಹೋಗಿದ್ದಳು. ಯಜಮಾನನ ಮಗಳು, ಬಡ್ತಿ ಸಿಕ್ಕಿರಬೇಕೆಂದುಕೊಂಡು ಯಾರೂ ಏನೂ ಕೇಳಲಿಲ್ಲ.

ಈಸ್ಟರಿಗೆ ಮುಂಚೆ ಅವಳು ಮೆಟ್ಟಿಲ ಮೇಲೆ ಕುಸಿದಳು. ನಾನೂ ಅವಳ ಅಣ್ಣನೂ ದೊಡ್ಡಾಸ್ಪತ್ರೆಗೆ ಒಯ್ದೆವು. ಅಲ್ಲಿನ ಡಾಕ್ಟರಮ್ಮ ಮೊದಲು ಕೇಳಿದ್ದೇ ಏನು ಕೆಲಸ, ಎಲ್ಲಿ ಎಂದು. ಕೇಳಿ ಪೆನ್ನು ಕೆಳಗಿಟ್ಟರು.

"ಅದೇ ಕಾರ್ಖಾನೇನಾ? ಚಳಿ ಶುರುವಾಗೋ ಮುಂಚೆ ಅಲ್ಲಿಂದ ಒಬ್ಬ ಹುಡುಗೀನ ಅವರಪ್ಪ, ಆ ಯಜಮಾನ್ರೇ, ಕರ್ಕೊಂಡು ಬಂದಿದ್ರು. ಅಂಟಿನ ಆವಿ ನರ ತಿನ್ನುತ್ತೆ, ಅದರ ಹತ್ರ ಯಾರನ್ನೂ ಕೂರಿಸಬೇಡಿ ಅಂತ ಆಗ್ಲೇ ಹೇಳಿದ್ದೆ."

ಮಫಾಲ್ದಾ ಅಳಲಿಲ್ಲ. "ನನ್ನ ಮಗೂನ ಎತ್ಕೊಂಡ ಕೈ" ಎಂದಳು, ಅಷ್ಟೆ.

ಮರುದಿನ ಕುರ್ಚಿ ಸಮೇತ ಅವಳನ್ನು ಕಾರ್ಖಾನೆಗೆ ಹೊತ್ತುಕೊಂಡು ಹೋದೆವು. ದೊನ್ ಅತ್ತಿಲಿಯೋ ಎದ್ದು ಬಂದ. "ಕುಮ್ಮಾ, ಡಾಕ್ಟ್ರುಗಳು ನೂರು ಹೇಳ್ತಾರೆ. ನಾನು ಬಾಗ್ಲು ಹಾಕಿದ್ರೆ ಇವರಿಗೆಲ್ಲ ಅನ್ನ ಹಾಕೋರ್ಯಾರು?"

ಅವನಿಗೆ ಎಂದೂ 'ನೀವು' ಬಿಟ್ಟು ಮಾತಾಡದವಳು ಹೇಳಿದಳು: "ನಿನ್ನ ಮಗಳ ಕಾಲು ಜೋಮು ಹಿಡಿದಾಗ ಅವಳನ್ನ ನೀನೇ ಅಲ್ಲಿಂದ ಎಬ್ಬಿಸಿದೆ. ಪಕ್ಕದಲ್ಲಿ ನಾನಿದ್ದೆ. ನನಗೆ ಒಂದು ಮಾತು ಹೇಳೋಕಾಗ್ಲಿಲ್ವಾ?"

ಹೆಂಗಸರ ಕುಂಚಗಳು ಆಡುತ್ತಲೇ ಇದ್ದವು. ಮಫಾಲ್ದಾಳ ಸ್ಟೂಲಿನ ಮೇಲೆ ಆಗಲೇ ಅವಳ ಚಿಕ್ಕಪ್ಪನ ಮಗಳು ಜುದಿತ್ತಾ ಕೂತಿದ್ದಳು. ತಲೆ ಎತ್ತದೆಯೇ ಹೇಳಿದಳು: "ಕೆಲಸದ ಹೊತ್ತು ಕಣೇ. ಮನೆಗೆ ಹೋಗು."

ಯಜಮಾನನ ಮಾತಿಗಿಂತ ಆ ಮಾತು ಅವಳನ್ನು ಹೆಚ್ಚು ಸುಟ್ಟಿತು.

ಮಫಾಲ್ದಾ ಸರ್ಕಾರಕ್ಕೆ ದೂರು ಕೊಟ್ಟಳು. ತನಿಖೆಯವರು ಬಂದ ದಿನ ಕಿಟಕಿಗಳೆಲ್ಲ ತೆರೆದಿದ್ದವು, ಡಬ್ಬಗಳು ಮಾಯವಾಗಿದ್ದವು. ಹೆಂಗಸರು ತಮಗೇನೂ ಗೊತ್ತಿಲ್ಲ ಎಂದರು. ಕೆಲಸ ಬಿಟ್ಟ ಮೇಲೂ ಮಫಾಲ್ದಾಳ ಕಾಲು ಇನ್ನಷ್ಟು ಸೋತಿತು. ಬೇಸಿಗೆಯಲ್ಲಿ ಅವಳಿಗೆ ಚಮಚ ಹಿಡಿಯಲೂ ಆಗುತ್ತಿರಲಿಲ್ಲ. ಐದು ತುಂಬಿದ್ದ ಮಗಳೇ ತುತ್ತು ತಿನ್ನಿಸುತ್ತಿದ್ದಳು.

ಶರತ್ಕಾಲದಲ್ಲಿ ಜುದಿತ್ತಾ ಮಫಾಲ್ದಾಳ ಮನೆಗೆ ಬಂದಳು, ನಾನೂ ಅಲ್ಲೇ ಇದ್ದೆ. ಕಾಫಿ ಕೊಟ್ಟೆ, ಲೋಟ ಅವಳ ಕೈಯಿಂದ ಜಾರಿ ಒಡೆಯಿತು. ಮಫಾಲ್ದಾ ಚೂರುಗಳನ್ನು ನೋಡಿದಳು, ಆಮೇಲೆ ಅವಳ ಬೆರಳುಗಳನ್ನು.

"ನಾಳೆ ಆಸ್ಪತ್ರೆಗೆ ಹೋಗೋಣ. ಡಾಕ್ಟರಮ್ಮನ ಮುಂದೆ ಎಲ್ಲ ಹೇಳು, ಕೋರ್ಟಲ್ಲೂ ಹೇಳು. ಆದ್ರೆ ಕ್ಷಮಿಸು ಅಂತ ಮಾತ್ರ ಕೇಳ್ಬೇಡ. ಅದಿನ್ನೂ ನನ್ನ ಹತ್ರ ಇಲ್ಲ."

ಜುದಿತ್ತಾ ಎಲ್ಲವನ್ನೂ ಕೋರ್ಟಿನಲ್ಲಿ ಹೇಳಿದಳು. ಅವಳ ಹಿಂದೆ ಇನ್ನಿಬ್ಬರು ಹೇಳಿದರು. ದೊನ್ ಅತ್ತಿಲಿಯೋಗೆ ಶಿಕ್ಷೆಯಾಯಿತು, ಆದರೆ ಅಮಾನತಿನಲ್ಲಿಟ್ಟ ಶಿಕ್ಷೆ. ಅವನು ಒಂದು ದಿನವೂ ಜೈಲು ನೋಡಲಿಲ್ಲ. ಓಣಿಯ ಕಾರ್ಖಾನೆಗೆ ಬೀಗ ಬಿತ್ತು, ಊರಾಚೆ ಅಳಿಯನ ಹೆಸರಲ್ಲಿ ಇನ್ನೊಂದು ತೆರೆಯಿತು.

ಮಫಾಲ್ದಾಳ ಕೈ ಸರಿಯಾಯಿತು, ಕಾಲಿನ ಬಲ ಮುಕ್ಕಾಲು ಪಾಲು ಮರಳಿತು. ಎಡಪಾದವನ್ನು ಇಂದಿಗೂ ಎಳೆದುಕೊಂಡೇ ನಡೆಯುತ್ತಾಳೆ. ಮಗಳು ಬೆಳೆದು ಮದುವೆಯಾಗುವಾಗ ಪಾದ್ರಿಗಳು ಧರ್ಮತಂದೆಯನ್ನು ಕರೆಯಬೇಕಲ್ಲವೇ ಎಂದು ಕೇಳಿದರು. "ಅವರು ಎಲ್ಲಿದ್ದಾರೋ ನಮಗೆ ಗೊತ್ತಿಲ್ಲ ಫಾದರ್" ಎಂದಳು ಮಫಾಲ್ದಾ. ಊರಿಗೆಲ್ಲ ಗೊತ್ತಿತ್ತು. ಪಾದ್ರಿಗಳಿಗೂ ಗೊತ್ತಿತ್ತು.