ಟಿಂಗ್ ಮಾವನ ಕಿವಿ

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಟಿಂಗ್ ಮಾವ ಚರ್ಚಿನ ಪಿಯಾನೋದ ಮುಚ್ಚಳ ತೆಗೆದು ಮೂಗು ಮುರಿದರು. ಮೂಗು ಮುರಿಯುವಂಥದ್ದೇನೂ ಒಳಗಿರಲಿಲ್ಲ. ಅವರ ಕೆಲಸ ಶುರುವಾಗುವುದೇ ಹಾಗೆ. ಆಮೇಲೆ ಜೇಬಿನಿಂದ ಎರಡು ಕವಲಿನ ಉಕ್ಕಿನ ಶ್ರುತಿಕವೆ ತೆಗೆದು, ಮಂಡಿಗೆ ಬಡಿದು, ಕಿವಿಯ ಹತ್ತಿರ ಹಿಡಿದರು. ಟಿಂಗ್ ಎಂದಿತು. ಚರ್ಚಿನ ಮಕ್ಕಳು ಅವರಿಗೆ ಆ ಹೆಸರಿಟ್ಟಿದ್ದು ಈ ಸದ್ದಿನಿಂದಲೇ.

ಪಿಯಾನೋಗಳಿಗೆ ಶ್ರುತಿ ಮಾಡುವುದು ಅವರ ಕಸುಬು. ಬೇರೆ ಕಡೆಗೆಲ್ಲ ಅಂಗಡಿಯಲ್ಲಿ ಕೊಂಡ ಕವೆ ಒಯ್ಯುತ್ತಾರೆ. ಚರ್ಚಿಗೆ ಮಾತ್ರ ಅಪ್ಪ ಬಿಟ್ಟುಹೋದದ್ದು. ಚರ್ಚಿನ ಹಳೆಯ ಆರ್ಗನ್ನು ಲೋಕದ ಶ್ರುತಿಗಿಂತ ಒಂದು ಎಳೆ ಕೆಳಗಿತ್ತು. ಅದಕ್ಕೆ ಹೊಂದಲೆಂದು ಅಪ್ಪ ಈ ಕವೆಯ ಕವಲುಗಳ ಬುಡಕ್ಕೆ ಅರ ಹಾಕಿ ಉಜ್ಜಿ, ಅದರ ದನಿ ಇಳಿಸಿದ್ದರು. ಎರಡು ವರ್ಷದ ಹಿಂದೆ ಆರ್ಗನ್ನಿನ ತಿದಿಯನ್ನು ಇಲಿ ಕಡಿದು, ಅದು ಉಸಿರು ನಿಲ್ಲಿಸಿತು. ಆದರೂ ಪಿಯಾನೋ ಮಾತ್ರ ಆ ಸತ್ತ ಆರ್ಗನ್ನಿನ ಶ್ರುತಿಯಲ್ಲೇ ಇತ್ತು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಟಿಂಗ್ ಮಾವ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಿದ್ದರು, ಅಷ್ಟೆ.

ಮರುದಿನ ಸಂಜೆ ಅಲ್ಲಿ ಭಕ್ತಿಸಂಗೀತದ ಕಾರ್ಯಕ್ರಮವಿತ್ತು. ಹೊರಗಿನ ತಂಡ, ಗಿಟಾರು, ಡ್ರಮ್ಮು, ಕೀಬೋರ್ಡು. ಚರ್ಚಿನ ಕಾವಲುಗಾರ ಒಂದು ಹಳದಿ ಹಾಳೆ ತಂದು ಕೊಟ್ಟ.

"ಮಾವ, ಪಿಯಾನೋ ಬಗ್ಗೆ ಏನೋ ಬರ್ದಿದಾರಂತೆ. ಓದ್ಕೊಳ್ಳಿ."

ಹಾಳೆಯ ತಲೆಯ ಮೇಲೆ ರೆಕ್ಕೆ ಮೂಡಿದ ಗಿಟಾರಿನ ಚಿತ್ರವಿತ್ತು. ಟಿಂಗ್ ಮಾವನಿಗೆ ಅಷ್ಟೇ ಸಾಕಾಯಿತು.

"ಹಾಲು ಕುಡಿಯೋ ಮಕ್ಳು ನನಗೆ ಪಿಯಾನೋ ಪಾಠ ಹೇಳ್ತಾವಾ?" ಎಂದು ಹಾಳೆಯನ್ನು ನಾಲ್ಕಾಗಿ ಮಡಚಿ, ವಾದಕರು ಕೂರುವ ಸ್ಟೂಲಿನ ಕುಂಟುಕಾಲಿನ ಕೆಳಗಿಟ್ಟರು. ಸ್ಟೂಲು ಅಲುಗುವುದು ನಿಂತಿತು. ಆ ಹಾಳೆಯಿಂದ ಆಗಬಹುದಾದ ಉಪಕಾರ ಇಷ್ಟೇ ಎಂದುಕೊಂಡರು.

ಅವರು ಈ ಕಾರ್ಯಕ್ರಮಕ್ಕೆ ಹೋಗಲು ಒಪ್ಪಿದ್ದೇ ಒಂದು ಕರಾರಿನ ಮೇಲೆ. ಹೆಂಡತಿ ಮೂವತ್ತು ವರ್ಷ ಚರ್ಚಿನ ಗಾಯಕವೃಂದದಲ್ಲಿ ಕೆಳದನಿ ಹಾಡಿದವರು. ಆರ್ಗನ್ನು ಸತ್ತ ವರ್ಷವೇ ಗಾಯಕವೃಂದವೂ ಚದುರಿತು. ಅಂದಿನಿಂದ ಆಕೆ ಹಾಡುವುದು ಪಾತ್ರೆ ತೊಳೆಯುವಾಗ, ಅದೂ ನಲ್ಲಿ ಜೋರಾಗಿ ಬಿಟ್ಟುಕೊಂಡು. ಈಗ ಈ ತಂಡದವರು ಊರಿನಲ್ಲೇ ಒಂದು ಗಾಯಕವೃಂದ ಕಟ್ಟುತ್ತಾರಂತೆ. ಕಾರ್ಯಕ್ರಮ ಮುಗಿದ ಮೇಲೆ ಬಾಗಿಲ ಬಳಿ ಹೆಸರು ಬರೆಸಬೇಕಂತೆ.

"ಆ ಗದ್ದಲದಲ್ಲಿ ಹಾಡ್ತೀಯಾ ನೀನು?" ಎಂದಿದ್ದರು ಟಿಂಗ್ ಮಾವ.

"ಒಂದ್ಸಲ ಬಂದು ಕೇಳಿ. ಕೇಳಿದ್ಮೇಲೂ ಅದು ಸಂಗೀತ ಅಲ್ಲ ಅಂದ್ರೆ ನಾನು ಹೆಸರು ಬರೆಸಲ್ಲ. ಮತ್ತೆ ಆ ಮಾತೂ ಎತ್ತಲ್ಲ."

ಟಿಂಗ್ ಮಾವನಿಗೆ ಇದಕ್ಕಿಂತ ಸುಲಭದ ಕೆಲಸ ಯಾರೂ ಕೊಟ್ಟಿರಲಿಲ್ಲ.

ಭಾನುವಾರ ನಾಲ್ಕು ಗಂಟೆಗೆ ದಂಪತಿ ಹೊರಟರು. ಗಂಡ ಹೆಂಡತಿಗೆ ಸೇರಿಸಿ ಒಂದೇ ಪಾಸು; ಜೊತೆಗೆ ಎದೆಗೆ ಅಂಟಿಸಿಕೊಳ್ಳಲು ಕಾಗದದ ಒಂದೊಂದು ಅರ್ಧ ಹೃದಯ. ಇಬ್ಬರೂ ಪಕ್ಕದಲ್ಲಿ ಕೂತರೆ ಪೂರ್ತಿಯಾಗಬೇಕು. ಟಿಂಗ್ ಮಾವ ತಮ್ಮ ಅರ್ಧವನ್ನು ಕೋಟಿನ ಒಳಗೆ ಅಂಟಿಸಿಕೊಂಡರು.

ತಂಡದ ಬಸ್ಸು ದಾರಿಯಲ್ಲಿ ಕೆಟ್ಟು, ಅವರು ಬಂದಿದ್ದೇ ಐದಕ್ಕೆ. ಮೈಕು ತಟ್ಟಿ ನೋಡಿದರು. ಪಿಯಾನೋ ಮುಟ್ಟಿ ನೋಡಲು ಯಾರಿಗೂ ಪುರಸೊತ್ತಾಗಲಿಲ್ಲ. ವೇದಿಕೆಯ ಮೇಲೆ ಯಂತ್ರವೊಂದು ಬುಸಬುಸನೆ ಹೊಗೆ ಬಿಟ್ಟಿತು. ನಿರೂಪಕ ಒಬ್ಬ, ಹರಿದ ಮಂಡಿಯ ಪ್ಯಾಂಟಿನವನು, "ದಂಪತಿಗಳೆಲ್ಲ ಕೈ ಕೈ ಹಿಡ್ಕೊಳ್ಳಿ! ಕೊನೇ ಹಾಡಿನ ತನಕ ಬಿಡಬಾರದು!" ಎಂದು ಕೂಗಿದ.

"ಕೊಡಿ ಕೈ," ಎಂದರು ಹೆಂಡತಿ.

"ನಾವೇನು ರಸ್ತೆ ದಾಟ್ತಿದೀವಾ?"

"ಕೊಡಿ ಅಂದೆ."

ಕೊಟ್ಟರು. ಇನ್ನೊಂದು ಕೈಯ ಬೆರಳುಗಳಲ್ಲಿ ಲೆಕ್ಕ ಹಾಕತೊಡಗಿದರು. ಮೊದಲ ಹಾಡಿನಲ್ಲಿ ಒಂದೇ ಸಾಲು ಹನ್ನೊಂದು ಸಲ ಬಂತು. "ದೇವರಿಗೇನು ಕಿವಿ ಮಂದವಾ?" ಎಂದರು. ಎರಡನೆಯದರಲ್ಲಿ ಡ್ರಮ್ಮಿನವನು ಯಾರ ಮೇಲೋ ಹಗೆ ತೀರಿಸಿಕೊಂಡ. ಹಾಡುವ ಹುಡುಗಿ ಕಣ್ಣು ಮುಚ್ಚಿಕೊಂಡೇ ಇದ್ದಳು. "ಹೊಗೆಗೆ ಕಣ್ಣು ಉರೀತಿರಬೇಕು, ಪಾಪ." ಮುಂದಿನ ಸಾಲಿನ ಹೆಂಗಸು ಎರಡು ಸಲ ತಿರುಗಿ ನೋಡಿದಳು. ಟಿಂಗ್ ಮಾವನಿಗೆ ಹುರುಪೇರಿತು.

ಐದನೆಯ ಹಾಡಿಗೆ ಕನ್ನಡಕದ ಹುಡುಗಿಯೊಬ್ಬಳು ಪಿಯಾನೋದ ಮುಂದೆ ಬಂದು ಕೂತಳು. ಕೀಬೋರ್ಡಿನವನು ಸ್ವರ ಹಿಡಿದುಕೊಂಡಿದ್ದ. ಅದರ ಜೊತೆಗೇ ಪಿಯಾನೋ ಮೇಲೆ ಇವಳ ಕೈ ಬಿತ್ತು. ಎರಡೂ ಸೇರಿ ಹಲ್ಲು ಜುಮ್ಮೆನ್ನುವಂಥ ಸದ್ದು ಹೊರಟಿತು.

"ಸಿಕ್ಕಿಬಿದ್ರು!" ಟಿಂಗ್ ಮಾವ ಪಿಸುಗುಟ್ಟಿದ್ದು ಮೂರು ಸಾಲಿಗೆ ಕೇಳಿಸಿತು. "ಕೇಳಿದ್ಯೇನೇ? ಅಪಶ್ರುತಿ, ಶುದ್ಧ ಅಪಶ್ರುತಿ! ಇವರಿಗೆ ಕಿವಿ ಇರೋದು ಕನ್ನಡಕ ಸಿಕ್ಕಿಸೋಕೆ ಮಾತ್ರ! ಹೇಳು ಈಗ, ಇದು ಸಂಗೀತನಾ?"

ಹೆಂಡತಿ ತಲೆ ಓರೆ ಮಾಡಿ ಕೇಳಿಸಿಕೊಂಡರು.

"ಕೀಬೋರ್ಡು ಸರಿಯಾಗಿದೆ ಕಣ್ರೀ," ಎಂದರು ಮೆಲ್ಲಗೆ. "ಪಿಯಾನೋ ಕೆಳಗಿದೆ. ನಮ್ಮ ಆರ್ಗನ್ ಥರ."

ಟಿಂಗ್ ಮಾವ ಲೆಕ್ಕ ಹಾಕುತ್ತಿದ್ದ ಬೆರಳುಗಳನ್ನು ಮಡಚಿಕೊಂಡರು.

"ಕಾವಲುಗಾರ ಹೇಳ್ದ, ಒಂದು ಹಳದಿ ಹಾಳೆ ಕೊಟ್ಟಿದ್ನಂತೆ. ಏನಿತ್ತು ಅದ್ರಲ್ಲಿ?"

ಟಿಂಗ್ ಮಾವ ವೇದಿಕೆಯತ್ತ ನೋಡಿದರು. ಹೊಗೆ ಕರಗಿತ್ತು. ಸ್ಟೂಲಿನ ಕಾಲಡಿಯಲ್ಲಿ ಹಳದಿ ಅಂಚು ಇಷ್ಟೇ ಇಷ್ಟು ಇಣುಕುತ್ತಿತ್ತು. ಸ್ಟೂಲು ಮಾತ್ರ ಚೂರೂ ಅಲುಗುತ್ತಿರಲಿಲ್ಲ. ಕೈ ಬಿಡಿಸಿಕೊಳ್ಳಲು ನೋಡಿದರು, ಹೆಂಡತಿ ಬಿಡಲಿಲ್ಲ.

ಕಣ್ಣು ಮುಚ್ಚಿದ್ದ ಹುಡುಗಿ ಆಗ ಕಣ್ಣು ತೆರೆದಳು. ಕೀಬೋರ್ಡಿನವನಿಗೆ ಬೆರಳೆತ್ತಿ ತೋರಿಸಿದಳು. ಅವನು ಕೈ ತೆಗೆದ. ಗಿಟಾರುಗಳಿಗೂ ಅದೇ ಸನ್ನೆ. ಡ್ರಮ್ಮಿನವನಿಗೆ ಎರಡು ಸಲ ಮಾಡಬೇಕಾಯಿತು. ಉಳಿದದ್ದು ಪಿಯಾನೋ ಒಂದೇ. ಆಕೆ ಅದರ ಪಕ್ಕಕ್ಕೆ ಹೋಗಿ, ಒಂದು ಸ್ವರ ಕೇಳಿ, ದನಿಯನ್ನು ಅಲ್ಲಿಗೆ ಇಳಿಸಿ, ಹಾಡನ್ನು ಮೊದಲಿನಿಂದ ಎತ್ತಿಕೊಂಡಳು. ಟಿಂಗ್ ಮಾವ ತಪ್ಪು ಹುಡುಕಿದರು. ಸಿಗಲಿಲ್ಲ.

ಎರಡನೆಯ ಚರಣಕ್ಕೆ ಅವರ ಪಕ್ಕದಿಂದ ಕೆಳದನಿ ಕೂಡಿತು. ಹೆಂಡತಿಯ ಗಂಟಲು ಮೂವತ್ತು ವರ್ಷ ಬದುಕಿದ್ದು ಆ ಶ್ರುತಿಯಲ್ಲೇ. ಅದು ಹುಡುಕಾಡಲಿಲ್ಲ, ನೇರ ತನ್ನ ಜಾಗಕ್ಕೆ ಹೋಗಿ ಕೂತಿತು. ಮುಂದಿನ ಸಾಲಿನ ಹೆಂಗಸು ಮೂರನೆಯ ಸಲ ತಿರುಗಿದಳು. ಈ ಸಲ ಅವಳು ಟಿಂಗ್ ಮಾವನನ್ನು ನೋಡಲಿಲ್ಲ.

ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಮುಂದೆ ಹೆಂಡತಿ ನಿಂತರು. ಪೆನ್ನು ಹಿಡಿದ ನಿರೂಪಕ ಕಾಯುತ್ತಿದ್ದ.

"ಹೇಳಿ," ಎಂದರು ಗಂಡನಿಗೆ. "ಸಂಗೀತ ಹೌದೋ ಅಲ್ವೋ? ಕೊಟ್ಟ ಮಾತಿಗೆ ನಾನು ತಪ್ಪಲ್ಲ."

ಟಿಂಗ್ ಮಾವ ಗಂಟಲು ಸರಿಮಾಡಿಕೊಂಡರು. "ಕೊನೇ ಸಾಲಲ್ಲಿ ಸ್ವಲ್ಪ ಓಡಿದ್ರು," ಎಂದರು.

"ಅದನ್ನ ಕೇಳಲಿಲ್ಲ ನಾನು."

"ಬರೆಸು ಮಾರಾಯ್ತಿ, ಬರೆಸು. ಹೊಗೆ ಬಿಡಬೇಡಿ ಅಂತಾನೂ ಬರೆಸು."

ಆಕೆ ಹೆಸರನ್ನಷ್ಟೇ ಬರೆಸಿದರು. ಅಷ್ಟರಲ್ಲಿ ಟಿಂಗ್ ಮಾವ ಖಾಲಿ ವೇದಿಕೆಗೆ ಹತ್ತಿ, ಬಗ್ಗಿ, ಸ್ಟೂಲಿನ ಕೆಳಗಿನ ಹಾಳೆ ಎಳೆದುಕೊಂಡರು. ಬಿಡಿಸಿದರೆ ಎರಡೇ ಸಾಲಿತ್ತು: ಪಿಯಾನೋವನ್ನು ಕೀಬೋರ್ಡಿನ ಶ್ರುತಿಗೆ ಏರಿಸಿಕೊಡಿ, ನಿಮ್ಮ ಕೈಗುಣದ ಬಗ್ಗೆ ಕೇಳಿದ್ದೇವೆ.

ಹೊಸ ಗಾಯಕವೃಂದದ ಮೊದಲ ಅಭ್ಯಾಸ ಗುರುವಾರ ಸಂಜೆ ಐದಕ್ಕೆ, ಚರ್ಚಿನಲ್ಲೇ. ಅಷ್ಟರೊಳಗೆ ಇನ್ನೂರಕ್ಕೂ ಮೇಲ್ಪಟ್ಟ ತಂತಿಗಳನ್ನು ಒಂದೊಂದಾಗಿ ಏರಿಸಬೇಕು. ಟಿಂಗ್ ಮಾವ ಸೋಮವಾರ ಬೆಳಿಗ್ಗೆ ಅಂಗಡಿಯ ಕವೆ ತೆಗೆದುಕೊಂಡು ಹೋಗುತ್ತಾರೆ.