ಬೇಕರಿ ವಾಸನೆಗೆ ತಿರುಗುವ ಬಸ್ಸು

ಹೊಗಳುವ ಫೋನು ಬಂದರೆ ಸ್ಪೀಕರಿಗೆ ಹಾಕಬೇಕು, ಬೈಯುವ ಫೋನು ಬಂದರೆ ಮೆಟ್ಟಿಲಿಗೆ ಒಯ್ಯಬೇಕು. ಆ ಪತ್ರಿಕಾ ಕಚೇರಿಯಲ್ಲಿ ಯಾರೂ ಹೇಳಿಕೊಡದೆ ಎಲ್ಲರೂ ಕಲಿತ ಪದ್ಧತಿ ಇದು. ತಪ್ಪೇನಲ್ಲ. ಒಳ್ಳೆಯ ಸರಕನ್ನು ಅಂಗಡಿಯ ಮುಂದೆ ತೂಗುಹಾಕಿ, ಕೊಳೆತದ್ದನ್ನು ಹಿಂಬಾಗಿಲಿನಿಂದ ಸಾಗಿಸದ ವ್ಯಾಪಾರಿ ಯಾವ ಊರಿನಲ್ಲಿದ್ದಾನೆ?

ಅಂಕಣ ಬರೆಯುವ ವರದಿಗಾರನಿಗೆ ಮಾತ್ರ ಆ ಮೆಟ್ಟಿಲಿನ ಪರಿಚಯ ಕಡಿಮೆ. ಊರಿನ ಸಾಮಾನ್ಯರ ಬಗ್ಗೆ ವಾರಕ್ಕೊಮ್ಮೆ ಅವನು ಬರೆದದ್ದನ್ನು ಜನ ಕಣ್ಣೊರೆಸಿಕೊಂಡು ಓದುತ್ತಿದ್ದರು. ಜೊತೆಯವರು ಅವನಿಗಿಟ್ಟ ಹೆಸರು ಜೇನು. ಅದರಲ್ಲಿ ಅರ್ಧ ಹೊಗಳಿಕೆ, ಅರ್ಧ ಹೊಟ್ಟೆಕಿಚ್ಚು. ಅವನು ಎರಡನ್ನೂ ಹೊಗಳಿಕೆಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದ.

ಆ ವಾರ ಬಸ್ ಚಾಲಕರೊಬ್ಬರ ಸರದಿ. ಇಡೀ ಸರ್ವಿಸಿನಲ್ಲಿ ಬಸ್ಸಿಗೆ ಒಂದು ಗೀರು ಬೀಳಿಸದ ಮನುಷ್ಯ. ಜೇನು ಒಂದು ಬೆಳಗ್ಗೆ ಅವರ ಹತ್ತಿರವೇ ಕೂತು ಬಂದ. ಹತ್ತುವವರ ಮುಖವನ್ನು ಚಾಲಕರು ನೋಡುತ್ತಿರಲಿಲ್ಲ. ದನಿ ಕೇಳಿಯೇ ಗುರುತು ಹಿಡಿದು, ಮೊಣಕಾಲು ನೋವು ಹೇಗಿದೆ, ಮೊಮ್ಮಗು ನಡೆಯಿತೇ ಎಂದು ವಿಚಾರಿಸುತ್ತಿದ್ದರು. ಬೇಕರಿಯ ವಾಸನೆ ಮೂಗಿಗೆ ಬಡಿದೊಡನೆ ಸ್ಟೀರಿಂಗ್ ತಿರುಗಿಸುತ್ತಿದ್ದರು. ‘ಈ ರಸ್ತೆ ಅವರ ಕಣ್ಣಿನಲ್ಲಿಲ್ಲ, ಉಸಿರಿನಲ್ಲಿದೆ’ ಎಂದು ಜೇನು ಬರೆದ.

ಫೋನಿಗೆ ಪುರುಸೊತ್ತೇ ಇಲ್ಲದಂತಾಯಿತು. ನಿವೃತ್ತ ಶಿಕ್ಷಕಿಯೊಬ್ಬರು ಆ ಸಾಲನ್ನು ಸ್ಪೀಕರಿನಲ್ಲಿ ಓದಿ ಗದ್ಗದಿತರಾದರು. ನಗುವನ್ನೂ ತೂಕ ಮಾಡಿ ಕೊಡುವ ಸಂಪಾದಕರು ಕೋಣೆಯಿಂದ ಹೊರಬಂದು ಬೆನ್ನು ತಟ್ಟಿದರು.

ಅದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ಜೇನಿನ ಹೆಂಡತಿ ಮಾತ್ರ ಅಂಕಣ ಓದಿ ಮಡಚಿಟ್ಟು, ತರಕಾರಿ ಹೆಚ್ಚುತ್ತಾ ಕೇಳಿದಳು: “ಅಲ್ರೀ, ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಾ?”

“ನಿನಗೆ ಬರವಣಿಗೆಯ ಸೊಗಸು ಗೊತ್ತಾಗಲ್ಲ ಕಣೇ.”

“ಇರಬಹುದು. ನಾನು ಕೂರೋದು ಬಸ್ಸಲ್ಲಿ, ನಿಮ್ಮ ಸೊಗಸಿನ ಮೇಲಲ್ಲ.”

ಅವನು ನಕ್ಕುಬಿಟ್ಟ. ಆದರೆ ಅಂಕಣ ಓದಿದ ಡಿಪೋದ ಅಧಿಕಾರಿಗೂ ಅದೇ ಅನುಮಾನ ಬಂದಿತ್ತು. ಚಾಲಕರನ್ನು ಬಸ್ಸಿನಿಂದ ಇಳಿಸಿ, ವಿಚಾರಣೆಗೆ ದಿನ ಗೊತ್ತುಮಾಡಿದರು.

ಚಾಲಕರು ಫೋನು ಮಾಡಲಿಲ್ಲ, ತಾವೇ ಬಂದರು. ಚಪ್ಪಲಿಯ ತುದಿಯಿಂದ ಒಂದೊಂದೇ ಮೆಟ್ಟಿಲನ್ನು ತಡವಿಕೊಂಡು ಹತ್ತಿದರು. ದೂರನ್ನು ಮೆಟ್ಟಿಲಿಗೆ ಒಯ್ಯುವುದಾದರೂ ಹೇಗೆ, ಅದು ಮೆಟ್ಟಿಲು ಹತ್ತಿಯೇ ಒಳಗೆ ಬಂದಿತ್ತು. ಎಲ್ಲರೂ ಇದ್ದಕ್ಕಿದ್ದಂತೆ ಕೆಲಸದಲ್ಲಿ ಮುಳುಗಿದರು.

ಚಾಲಕರು ಕೇಳಿದ್ದು ಇಷ್ಟೇ. ದನಿಯ ಮಾತು, ವಾಸನೆಯ ಮಾತು ಎರಡೂ ವರದಿಗಾರ ಸೇರಿಸಿದ ಉಪ್ಪುಖಾರ ಎಂದು ಪತ್ರಿಕೆ ಒಪ್ಪಿಕೊಂಡರೆ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ, ಅವರು ಮತ್ತೆ ಬಸ್ಸು ಹತ್ತಬಹುದು. ಸಂಪಾದಕರು ಬಾಗಿಲಿನಿಂದಲೇ, ನಾಲ್ಕು ಸಾಲು ತಾನೆ, ಬರೆದುಬಿಡು ಎಂದರು. ಅವರಿಗೆ ಅದು ಅಗ್ಗದ ವ್ಯಾಪಾರ.

ಹೆಂಡತಿ ಕೂರುವ ಕಿಟಕಿಯ ಸೀಟು ಜೇನಿನ ಕಣ್ಣ ಮುಂದೆ ಬಂತು.

“ಆಗಲ್ಲ ಅಣ್ಣಾ. ನಾನು ನೋಡಿದ್ದನ್ನೇ ಬರೆದಿದ್ದು. ನನ್ನ ಮನೆಯವಳೂ ನಿಮ್ಮ ಬಸ್ಸಲ್ಲೇ ಓಡಾಡ್ತಾಳೆ.”

ಚಾಲಕರು ಟೋಪಿಯನ್ನು ಮಡಿಲಲ್ಲಿ ತಿರುಗಿಸಿದರು.

“ಗೊತ್ತು, ಅವರ ದನಿ ಗೊತ್ತು. ನೋಡಿದ್ದು ಬರೆದ್ರಿ, ಸರಿ. ನೋಡಿದಾಗ ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲಪ್ಪಾ? ನನಗೂ ಹೇಳೋಕೆ ಧೈರ್ಯ ಇರಲಿಲ್ಲ. ಯಾರಾದ್ರೂ ಕೇಳಿದ್ರೆ ನಾನೇ ಹೋಗಿ ಹೇಳಿ, ಶೆಡ್ಡಲ್ಲಿ ಏನಾದ್ರೂ ಕೆಲಸ ಕೊಡಿ ಅಂತಿದ್ದೆ. ಈಗ ಮುಚ್ಚಿಟ್ಟವನು ಅಂತ ಮನೆಗೆ ಕಳಿಸ್ತಾರೆ.”

ವಿಚಾರಣೆಗೆ ತಾನೂ ಬರುತ್ತೇನೆ ಎಂದ ಜೇನು. ಬಂದು ಏನು ಹೇಳುತ್ತೀರಿ ಎಂದು ಚಾಲಕರು ಕೇಳಿದರು. ಆ ಬೆಳಗ್ಗೆ ಅವನ ಎದುರಿಗೇ ಒಬ್ಬ ಮನುಷ್ಯನ ಕಣ್ಣು ಆರುತ್ತಿತ್ತು. ಅವನಿಗೆ ಕಂಡದ್ದು ಒಂದು ಚೆಂದದ ಸಾಲು.

ಚಾಲಕರ ಮೊಣಕೈ ಹಿಡಿದು ಇಳಿಸುವಾಗ, ಅರ್ಧ ಮೆಟ್ಟಿಲಿನಲ್ಲಿ ಜೇನಿನ ಜೇಬಿನ ಫೋನು ರಿಂಗಾಯಿತು. ಯಾರೋ ಹೆಂಗಸು. ಅಂಕಣ ಈಗಷ್ಟೇ ಓದಿದರಂತೆ, ಆ ಉಸಿರಿನ ಸಾಲು ಮನಸ್ಸಿನಿಂದ ಹೋಗುತ್ತಲೇ ಇಲ್ಲವಂತೆ. ಅವನು ಪೂರ್ತಿ ಕೇಳಿಸಿಕೊಂಡು ಫೋನು ಇಟ್ಟ.

“ಯಾರಂತೆ?” ಎಂದರು ಚಾಲಕರು.

“ಓದುಗರು.”

“ಏನಂತೆ?”

“ದೂರು,” ಎಂದ ಜೇನು. ಮುಂದಿನ ಮೆಟ್ಟಿಲು ಸ್ವಲ್ಪ ಒಡೆದಿದೆ, ನೋಡಿಕೊಂಡು ಇಳಿಯಿರಿ ಎನ್ನಲು ಹೋಗಿ, ಮಾತು ನುಂಗಿ, ಮೊಣಕೈಯನ್ನು ಬಿಗಿಯಾಗಿ ಹಿಡಿದ.